ಬಾಲಪಾಲನ ವಿಚಾರ

ತಂದೆತಾಯಿಗಳು ಒಬ್ಬರನ್ನೊಬ್ಬರು ಅಗಲಿ ಬೇರೆ ಬೇರೆ ವಾಸಿಸತೊಡಗಿದಾಗ ಅವರ ಎಳೆಯ ಮಕ್ಕಳು ಯಾರ ಬಳಿಯಲ್ಲಿ ಬೆಳೆಯತಕ್ಕವರು, ಮಕ್ಕಳಿಂದ ದೂರವಾದವರು ಅವರನ್ನು ಎಂದು ಎಷ್ಟು ಕಾಲ ಕಾಣತಕ್ಕವರು, ಮಕ್ಕಳ ಅನ್ನವಸ್ತ್ರ ವಿದ್ಯಾಭ್ಯಾಸಗಳ ವೆಚ್ಚವನ್ನು ಯಾರು ಹೊರತಕ್ಕವರು ಎಂಬ ಮೂರು ಪ್ರಶ್ನೆಗಳು ಇಂದಿನ ಕುಟುಂಬ ನ್ಯಾಯಾಲಯಗಳಲ್ಲಿ ನಿತ್ಯವೂ ವಿಚಾರಣೆಗೆ ಬರುತ್ತಿರುವುವು. ಇವು ಕೇವಲ ನೂತನ ಕಾಲದ ಪ್ರಶ್ನೆಗಳೆಂದೂ ಪಾಶ್ಚಾತ್ಯ ಶಾಸನಗಳೊಡನೆ ಈ ದೇಶಕ್ಕೆ ಬಂದುವೆಂದೂ ಹಲವರು ಭಾವಿಸುವರು. ಧರ್ಮಶಾಸ್ತ್ರದಲ್ಲಿ ತಂದೆಯೇ ಮಕ್ಕಳ ಒಡೆಯನೆಂದೂ ತಾಯಿಗೆ ಅಲ್ಲಿ ಸ್ಥಾನವೇ ಇಲ್ಲವೆಂದೂ ಮತ್ತೆ ಹಲವರು ಹೇಳುವರು. ಗ್ರಂಥಗಳನ್ನು ಪರಾಮರ್ಶಿಸಿದಲ್ಲಿ ಈ ಎರಡು ಅಭಿಪ್ರಾಯಗಳೂ ನಿಲ್ಲತಕ್ಕವಲ್ಲ.

ಪ್ರಾಚೀನ ಗ್ರಂಥಗಳಲ್ಲಿ ಮಕ್ಕಳ ವಿಷಯವಾದ ವಿಧಿಗಳು ಪ್ರಧಾನವಾಗಿ ಹಿರಿಯರ ಕರ್ತವ್ಯವನ್ನು ಹೇಳತಕ್ಕವುಗಳು. ತಂದೆತಾಯಿಗಳ ನಡುವೆಯೇ ಮಗುವಿಗಾಗಿ ವಿವಾದ ಹುಟ್ಟುವ ಸಂದರ್ಭವನ್ನು ಅವು ನೇರವಾಗಿ ವಿಚಾರಿಸಲಿಲ್ಲ. ಆ ಮೌನದ ಎಡೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ನ್ಯಾಯಪದ್ಧತಿಯ ತಂದೆಯ ಹಕ್ಕು ಆಕ್ರಮಿಸಿತು. ಇಪ್ಪತ್ತನೆಯ ಶತಮಾನದಲ್ಲಿ ಶಿಶುವಿನ ಹಿತವೆಂಬ ತತ್ತ್ವವು ಆ ಹಕ್ಕನ್ನು ಕ್ರಮವಾಗಿ ಹಿಂದಕ್ಕೆ ಸರಿಸಿತು. ಈ ಇತಿಹಾಸದ ಉದ್ದಕ್ಕೂ ಕೇಳಿಬರುವ ಪ್ರಶ್ನೆ ಒಂದೇ: ಮಗುವು ತಂದೆತಾಯಿಗಳ ಸ್ವತ್ತೇ, ಅಥವಾ ಅವರ ಕೈಯಲ್ಲಿಟ್ಟ ನ್ಯಾಸವೇ?

1. ಶುನಃಶೇಪನ ಆಖ್ಯಾನ

ಈ ಪ್ರಶ್ನೆಯ ಅತಿ ಪ್ರಾಚೀನವಾದ ರೂಪವು ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಕಾಣುತ್ತದೆ. ಹರಿಶ್ಚಂದ್ರನ ಮಗನಾದ ರೋಹಿತನು ವರುಣನಿಗೆ ತನ್ನ ಬದಲು ಬಲಿಯಾಗತಕ್ಕವನನ್ನು ಅರಸುತ್ತ ಅರಣ್ಯದಲ್ಲಿ ಹಸಿವಿನಿಂದ ಬಳಲುತ್ತಿದ್ದ ಅಜೀಗರ್ತನನ್ನು ಕಂಡನು. ಮೂವರು ಮಕ್ಕಳಲ್ಲಿ ಹಿರಿಯನನ್ನು ತಂದೆಯೂ ಕಿರಿಯನನ್ನು ತಾಯಿಯೂ ಬಿಡಲೊಲ್ಲದೆ ಹೋದುದರಿಂದ ನಡುವಣವನಾದ ಶುನಃಶೇಪನು ನೂರು ಗೋವುಗಳಿಗೆ ಮಾರಲ್ಪಟ್ಟನು. ಆತನನ್ನು ಯೂಪಕ್ಕೆ ಬಿಗಿಯಲು ಮತ್ತೆ ನೂರು, ಕೊಲ್ಲಲು ಮತ್ತೆ ನೂರು ಗೋವುಗಳನ್ನು ತಂದೆಯೇ ಪಡೆದನು. ದೇವತೆಗಳ ಸ್ತುತಿಯಿಂದ ಬಂಧಮುಕ್ತನಾದ ಬಾಲಕನು ಹೋತೃವಾಗಿದ್ದ ವಿಶ್ವಾಮಿತ್ರನ ತೊಡೆಯನ್ನೇರಿದನು. ಆಗ ಅಜೀಗರ್ತನು ಮಗನನ್ನು ಮರಳಿ ಕೊಡೆಂದು ಕೇಳಿದನು, ಪಶ್ಚಾತ್ತಾಪವನ್ನೂ ತೋರಿದನು. ಮಗನನ್ನು ಕೊಲ್ಲಲು ಕತ್ತಿ ಹಿಡಿದ ತಂದೆಯ ಬಳಿಗೆ ತಾನು ಮರಳೆನೆಂದು ಶುನಃಶೇಪನು ತಾನೇ ನಿರ್ಣಯಿಸಿ ದೇವರಾತನೆಂಬ ಹೆಸರಿನಿಂದ ವಿಶ್ವಾಮಿತ್ರನ ಮಗನಾದನು.

ಈ ಆಖ್ಯಾನದಲ್ಲಿ ಮೂರು ಅಂಶಗಳು ಗಮನಾರ್ಹವಾಗಿವೆ. ಜನ್ಮಕೊಟ್ಟ ಮಾತ್ರದಿಂದ ತಂದೆಯ ಅಧಿಕಾರವು ಅಕ್ಷಯವಾಗದು, ದುಷ್ಕೃತ್ಯದಿಂದ ಅದು ನಷ್ಟವಾಗಬಹುದು ಎಂಬುದು ಒಂದು. ಬಾಲಕನ ಸ್ವಂತ ಇಚ್ಛೆಯು ನಿರ್ಣಾಯಕವಾಗಬಹುದೆಂಬುದು ಎರಡನೆಯದು. ತಾಯಿಯೂ ಆ ಮಾರಾಟದಲ್ಲಿ ಭಾಗಿನಿಯಾಗಿದ್ದಳೆಂಬುದು ಮೂರನೆಯದು. ಶಿಶುವಿನ ಹಿತವನ್ನು ತಂದೆತಾಯಿಗಳಿಬ್ಬರೂ ಮರೆಯಬಹುದೆಂಬ ಎಚ್ಚರವು ಆಖ್ಯಾನಕಾರನಿಗೆ ಇದ್ದಿತು. ಆದರೆ ಸ್ಮೃತಿಕಾರರು ಈ ಕಥೆಯಿಂದ ಏಕರೂಪವಾದ ಉಪದೇಶವನ್ನು ಪಡೆಯಲಿಲ್ಲ. ಮನುವು ಹತ್ತನೆಯ ಅಧ್ಯಾಯದಲ್ಲಿ ಆಪದ್ಧರ್ಮವನ್ನು ಹೇಳುವಾಗ ಹಸಿವಿನ ನಿವಾರಣೆಗಾಗಿ ನಡೆದವನಾದುದರಿಂದ ಅಜೀಗರ್ತನು ಪಾಪಲಿಪ್ತನಾಗಲಿಲ್ಲವೆಂದು ಹೇಳಿರುವನು.

2. ಸ್ವತ್ವ ವಿಚಾರ

ವಸಿಷ್ಠ ಧರ್ಮಸೂತ್ರವು ಮಗುವು ತಂದೆತಾಯಿಗಳಿಬ್ಬರಿಂದಲೂ ಜನಿಸುವುದೆಂಬ ಕಾರಣವನ್ನು ಕೊಟ್ಟು ಅದನ್ನು ಕೊಡಲು, ಮಾರಲು, ತ್ಯಜಿಸಲು ಅವರಿಗೆ ಅಧಿಕಾರವುಂಟೆಂದು ಹೇಳುತ್ತದೆ. ಆದರೆ ಒಬ್ಬನೇ ಮಗನನ್ನು ಕೊಡಲಾಗದೆಂದೂ, ಪತಿಯ ಅನುಜ್ಞೆಯಿಲ್ಲದೆ ಸ್ತ್ರೀಯು ಕೊಡಲಾಗದೆಂದೂ ನಿಯಮಿಸುತ್ತದೆ. ಮಗುವು ಸ್ವತ್ತೆಂಬ ಪಕ್ಷಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ದೊರೆಯುವುದು ಕಷ್ಟ. ಇದಕ್ಕೆ ಎದುರಾಗಿ ಯಾಜ್ಞವಲ್ಕ್ಯನು ದತ್ತಾಪ್ರದಾನಿಕ ಪ್ರಕರಣದಲ್ಲಿ ಕುಟುಂಬಕ್ಕೆ ವಿರೋಧವಾಗದಂತೆ ತನ್ನದನ್ನು ದಾನಮಾಡಬಹುದೆಂದು ಹೇಳಿ ಪತ್ನಿಯನ್ನೂ ಮಗನನ್ನೂ ಆ ವಿಧಿಯಿಂದ ಹೊರಗಿಟ್ಟಿರುವನು.

ಮೀಮಾಂಸಕರು ಇದೇ ಜಾತಿಯ ಪ್ರಶ್ನೆಯನ್ನು ಬೇರೊಂದು ಮಾರ್ಗದಲ್ಲಿ ವಿಚಾರಿಸಿದರು. ವಿಶ್ವಜಿತ್ ಯಾಗದಲ್ಲಿ ಯಜಮಾನನು ಸರ್ವಸ್ವವನ್ನೂ ದಾನಮಾಡತಕ್ಕದ್ದು. ‘ಸ್ವ’ ಶಬ್ದಕ್ಕೆ ಧನವೆಂಬಂತೆ ಬಂಧುವೆಂಬ ಅರ್ಥವೂ ಇರುವುದರಿಂದ ತಂದೆ ಮೊದಲಾದ ಬಂಧುಗಳನ್ನೂ ಕೊಡಬೇಕೇ ಎಂಬುದು ಅಲ್ಲಿ ಸಂಶಯ. ವಿಶೇಷವನ್ನು ಹೇಳದಿರುವುದರಿಂದ ಎಲ್ಲವನ್ನೂ ಕೊಡಬೇಕೆಂಬುದು ಪೂರ್ವಪಕ್ಷ. ಯಾವುದರ ಮೇಲೆ ಪ್ರಭುತ್ವವುಂಟೋ ಅದನ್ನು ಮಾತ್ರ ಕೊಡಬಹುದು, ಬಂಧುಗಳ ಮೇಲೆ ಯಾರೂ ಪ್ರಭುವಲ್ಲ ಎಂಬುದು ಸಿದ್ಧಾಂತ. ಜೈಮಿನಿಯ ಆರನೆಯ ಅಧ್ಯಾಯದ ಏಳನೆಯ ಪಾದದಲ್ಲಿ ಬರುವ ಈ ಅಧಿಕರಣವು ಯಜ್ಞಶಾಲೆಯ ಚರ್ಚೆಯಾದರೂ ಅದರಲ್ಲಿ ‘ನನ್ನವರು’ ಎಂಬುದಕ್ಕೂ ‘ನನ್ನದು’ ಎಂಬುದಕ್ಕೂ ಇರುವ ಭೇದವು ನಿಷ್ಕರ್ಷೆಯಾಗಿರುವುದು.

ಈ ವಿಚಾರದಲ್ಲಿ ಕರ್ಣಾಟಕದಲ್ಲಿ ಹುಟ್ಟಿದ ಗ್ರಂಥವೊಂದಕ್ಕೆ ವಿಶೇಷ ಸ್ಥಾನವುಂಟು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯು ಪಿತೃಪಿತಾಮಹರ ಸ್ವತ್ತಿನಲ್ಲಿ ಮಗನಿಗೆ ಜನ್ಮದಿಂದಲೇ ಸ್ವತ್ವವುಂಟೆಂಬ ಪಕ್ಷವನ್ನು ಸ್ಥಾಪಿಸಿತು. ಹುಟ್ಟಿದವರೂ, ಇನ್ನೂ ಹುಟ್ಟದವರೂ, ಗರ್ಭದಲ್ಲಿರುವವರೂ ಜೀವನೋಪಾಯವನ್ನು ಅಪೇಕ್ಷಿಸುವರಾದುದರಿಂದ ಸ್ಥಾವರವನ್ನು ಮನಬಂದಂತೆ ಕೊಡುವುದಕ್ಕಾಗಲಿ ಮಾರುವುದಕ್ಕಾಗಲಿ ತಂದೆಗೆ ಅಧಿಕಾರವಿಲ್ಲವೆಂಬ ಅಭಿಪ್ರಾಯದ ವಚನವನ್ನು ಆತನು ಉದಾಹರಿಸುವನು. ಈ ಸಿದ್ಧಾಂತದಲ್ಲಿ ತೊಟ್ಟಿಲ ಶಿಶುವು ಸ್ವತ್ತಲ್ಲ, ಸ್ವತ್ತಿನ ಸಹಸ್ವಾಮಿ. ಹೆಣ್ಣುಮಗುವಿಗೆ ಈ ಜನ್ಮಸ್ವತ್ವವು ದೊರೆಯಲಿಲ್ಲವೆಂಬುದು ಅದರ ನ್ಯೂನತೆ; ಆ ನ್ಯೂನತೆಯು ಭಾರತದಾದ್ಯಂತ ನೀಗಿದುದು 2005ರ ತಿದ್ದುಪಡಿಯಿಂದ.

3. ಭರಣ ವಿಚಾರ

ಸ್ವತ್ವದ ವಿಷಯದಲ್ಲಿ ಮತಭೇದವಿದ್ದರೂ ಭರಣದ ವಿಷಯದಲ್ಲಿ ಗ್ರಂಥಗಳು ಒಮ್ಮುಖವಾಗಿವೆ. ಮಹಾಭಾರತದ ಆದಿಪರ್ವದ ಶಕುಂತಲೋಪಾಖ್ಯಾನವು ವಸ್ತುತಃ ಭರಣದ ವ್ಯವಹಾರವೇ ಆಗಿದೆ. ಮಗನನ್ನು ಕರೆದುಕೊಂಡು ರಾಜಸಭೆಗೆ ಬಂದ ತಾಯಿಯ ಮಾತನ್ನು ದುಷ್ಯಂತನು ಅಲ್ಲಗಳೆದಾಗ ಅಶರೀರವಾಣಿಯು ಮಗನನ್ನು ಭರಿಸೆಂದು ಅವನಿಗೆ ಆಜ್ಞಾಪಿಸಿತು. ಹಾಗೆ ಭರಿಸಲ್ಪಡತಕ್ಕವನಾದುದರಿಂದ ಬಾಲಕನಿಗೆ ಭರತನೆಂಬ ಹೆಸರಾಯಿತೆಂದು ಅಲ್ಲಿಯೇ ನಿರ್ವಚನವಿದೆ. ಅದೇ ವಾಣಿಯು ತಾಯಿಯು ಕೇವಲ ಧಾರಣಪಾತ್ರೆಯೆಂದೂ ಮಗನು ತಂದೆಯವನೆಂದೂ ಹೇಳುತ್ತದೆಂಬುದನ್ನು ಮರೆಯಲಾಗದು. ಆದರೆ ಆ ಮಾತು ಅಲ್ಲಿ ತಾಯಿಯಿಂದ ಮಗುವನ್ನು ಕಿತ್ತುಕೊಳ್ಳುವುದಕ್ಕಾಗಿ ಬಂದುದಲ್ಲ, ತಂದೆಯು ಹೊಣೆಯಿಂದ ತಪ್ಪಿಸಿಕೊಳ್ಳದಂತೆ ಮಾಡುವುದಕ್ಕಾಗಿ ಬಂದುದು.

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ತಾಯಿ, ತಂದೆ, ಪತ್ನಿ, ಮಗ ಇವರು ತ್ಯಾಗಕ್ಕೆ ಅರ್ಹರಲ್ಲವೆಂದೂ, ಪತಿತರಲ್ಲದ ಇವರನ್ನು ತ್ಯಜಿಸಿದವನಿಗೆ ರಾಜನು 600 ಪಣಗಳ ದಂಡವನ್ನು ವಿಧಿಸತಕ್ಕದ್ದೆಂದೂ ಹೇಳಿದೆ. ಯಾಜ್ಞವಲ್ಕ್ಯನು ಈ ಅಪರಾಧಕ್ಕೆ 100 ಪಣಗಳನ್ನು ಹೇಳಿ, ದಂಪತಿಗಳ ಪರಸ್ಪರ ತ್ಯಾಗವನ್ನೂ ತಂದೆಮಕ್ಕಳ ಪರಸ್ಪರ ತ್ಯಾಗವನ್ನೂ ಒಂದೇ ವಾಕ್ಯದಲ್ಲಿ ಸೇರಿಸಿರುವನು. ದಾಯಕ್ಕೆ ಅನರ್ಹರಾದವರ ಹೆಣ್ಣುಮಕ್ಕಳನ್ನೂ ವಿವಾಹವಾಗುವವರೆಗೆ ಕುಟುಂಬವು ಭರಿಸತಕ್ಕದ್ದೆಂಬುದು ಅವನ ಮತ್ತೊಂದು ವಿಧಿ. ದಾಯವಿಲ್ಲದಿದ್ದರೂ ಭರಣವುಂಟೆಂಬುದು ಇದರ ತಾತ್ಪರ್ಯ.

ರಾಜಶಾಸನದ ದೃಷ್ಟಿಯಿಂದ ಈ ವಿಷಯವನ್ನು ಅತ್ಯಂತ ನಿಷ್ಕೃಷ್ಟವಾಗಿ ಹೇಳಿರುವವನು ಕೌಟಿಲ್ಯನು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳವರು 1909ರಲ್ಲಿ ಅರ್ಥಶಾಸ್ತ್ರವನ್ನು ಪ್ರಕಟಿಸಿದ ಮೇಲೆಯೇ ಈ ವಿಧಿಗಳು ವಿದ್ವಾಂಸರಿಗೆ ಮೂಲರೂಪದಲ್ಲಿ ತಿಳಿದುಬಂದುವು. ಶಕ್ತಿಯಿದ್ದೂ ಮಕ್ಕಳು, ಪತ್ನಿ, ತಂದೆತಾಯಿ, ಅಪ್ರಾಪ್ತವ್ಯವಹಾರರಾದ ತಮ್ಮಂದಿರು, ಕನ್ಯೆಯರೂ ವಿಧವೆಯರೂ ಆದ ಸೋದರಿಯರು ಇವರನ್ನು ಭರಿಸದವನಿಗೆ 12 ಪಣಗಳ ದಂಡವೆಂದು ಎರಡನೆಯ ಅಧಿಕರಣದ ಮೊದಲನೆಯ ಅಧ್ಯಾಯವು ವಿಧಿಸುತ್ತದೆ. ಪತಿತರಾದವರನ್ನು ಭರಿಸಬೇಕಾಗಿಲ್ಲ, ಆದರೆ ತಾಯಿಗೆ ಈ ಅಪವಾದವು ಅನ್ವಯಿಸುವುದಿಲ್ಲ. ಹೆಂಡಿರುಮಕ್ಕಳಿಗೆ ವ್ಯವಸ್ಥೆಮಾಡದೆ ಪ್ರವ್ರಜ್ಯೆಯನ್ನು ಹಿಡಿಯುವವನಿಗೆ ಪ್ರಥಮಸಾಹಸ ದಂಡವು ಹೇಳಲ್ಪಟ್ಟಿದೆ. ಮೋಕ್ಷಮಾರ್ಗವೂ ಎಳೆಯ ಮಗುವಿನ ಅನ್ನವನ್ನು ದಾಟಿ ಹೋಗಲಾಗದೆಂಬುದೇ ಇದರ ಅಭಿಪ್ರಾಯ. ಗಂಡನು ಜೀವನಕ್ಕೆ ಏರ್ಪಾಡುಮಾಡದೆ ದೇಶಾಂತರಕ್ಕೆ ಹೋದಲ್ಲಿ ಹೆಂಡತಿಯು ಸ್ತ್ರೀಧನವನ್ನು ಉಪಯೋಗಿಸಿಕೊಂಡರೆ ದೋಷವಿಲ್ಲವೆಂದು ಮೂರನೆಯ ಅಧಿಕರಣವು ಹೇಳುತ್ತದೆ. ಅಂಥ ತಾಯಿಯ ಸಂಕಟವು ಅಂದಿಗೂ ಅಪರಿಚಿತವಾಗಿರಲಿಲ್ಲ.

4. ರಕ್ಷಕರ ಕ್ರಮ ಮತ್ತು ‘ಅಭಾವ’ ಶಬ್ದ

ಬಾಲ್ಯದ ಅವಧಿಯನ್ನು ನಾರದನು ವಿಭಾಗಿಸಿರುವನು. ಎಂಟು ವರ್ಷಗಳವರೆಗೆ ಶಿಶುವು ಗರ್ಭಸ್ಥನಿಗೆ ಸಮಾನನು, ಹದಿನಾರರವರೆಗೆ ಬಾಲನು, ಪೋಗಂಡನೆಂದೂ ಅವನಿಗೆ ಹೆಸರು, ಆಮೇಲೆ ವ್ಯವಹಾರಜ್ಞನು. ಕೌಟಿಲ್ಯನು ಗಂಡಿಗೆ ಹದಿನಾರನ್ನೂ ಹೆಣ್ಣಿಗೆ ಹನ್ನೆರಡನ್ನೂ ವ್ಯವಹಾರದ ವಯಸ್ಸೆಂದು ಹೇಳುವನು. ಬಾಲನ ಧನವನ್ನು ಅವನು ಪ್ರಾಯಕ್ಕೆ ಬರುವವರೆಗೆ ಗ್ರಾಮವೃದ್ಧರು ವೃದ್ಧಿಪಡಿಸತಕ್ಕದ್ದೆಂದು ವಿಧಿಸಿ, ದೇವದ್ರವ್ಯವನ್ನೂ ಅದರೊಡನೆ ಸೇರಿಸಿರುವನು. ಮನುವು ಬಾಲದಾಯದ ರಕ್ಷಣೆಯನ್ನು ರಾಜನ ಮೇಲೆಯೇ ಹೊರಿಸಿರುವನು. ದೇವರ ಸ್ವತ್ತಿಗೂ ಮಗುವಿನ ಸ್ವತ್ತಿಗೂ ಒಂದೇ ಬಗೆಯ ರಕ್ಷಣೆಯನ್ನು ಹೇಳಿರುವುದು ಅರ್ಥಪೂರ್ಣವಾಗಿದೆ. ಎರಡೆಡೆಯಲ್ಲಿಯೂ ಒಡೆಯನು ತನ್ನ ಪರವಾಗಿ ತಾನು ಮಾತನಾಡಲಾರನು.

ತಂದೆತಾಯಿಗಳಲ್ಲಿ ಯಾರಿಗೆ ಪ್ರಾಧಾನ್ಯ? ಬೀಜಕ್ಕೆ ಪ್ರಾಧಾನ್ಯವಿರುವುದರಿಂದ ತಂದೆಯು ಶ್ರೇಷ್ಠನು, ಅವನ ಅಭಾವದಲ್ಲಿ ತಾಯಿ, ಅವಳ ಅಭಾವದಲ್ಲಿ ಹಿರಿಯ ಮಗ ಎಂದು ನಾರದನು ಕ್ರಮವನ್ನು ಹೇಳುವನು. ಬೀಜಕ್ಷೇತ್ರ ನ್ಯಾಯದಲ್ಲಿ ಬೀಜವೇ ಮೇಲೆಂಬುದು ಸರ್ವಸಮ್ಮತವಾದ ಮಾತಲ್ಲ. ಮನುವಿನ ಒಂಬತ್ತನೆಯ ಅಧ್ಯಾಯದಲ್ಲಿ ಎರಡು ಪಕ್ಷಗಳೂ ಬಂದಿವೆ. ಒಡಂಬಡಿಕೆಯಿಲ್ಲದ ಕಡೆ ಫಲವು ಕ್ಷೇತ್ರಸ್ವಾಮಿಗೆ ಸೇರುವುದೆಂದೂ, ಒಡಂಬಡಿಕೆಯಿದ್ದಲ್ಲಿ ಇಬ್ಬರೂ ಭಾಗಿಗಳೆಂದೂ ಅಲ್ಲಿ ಹೇಳಿದೆ. ಗೌರವದಲ್ಲಿ ತಾಯಿಯು ತಂದೆಗಿಂತ ಸಹಸ್ರಪಾಲು ಮೇಲೆಂದು ಅದೇ ಮನುವು ಎರಡನೆಯ ಅಧ್ಯಾಯದಲ್ಲಿ ಹೇಳಿರುವನು. ಗೌರವದಲ್ಲಿ ಮೊದಲನೆಯವಳಾದ ತಾಯಿಯು ಅಧಿಕಾರದಲ್ಲಿ ಎರಡನೆಯವಳಾದಳು. ಕನ್ಯಾದಾನಾಧಿಕಾರಿಗಳನ್ನು ಹೇಳುವ ಯಾಜ್ಞವಲ್ಕ್ಯನ ಪಟ್ಟಿಯಲ್ಲಿಯಂತೂ ಕಡೆಯವಳಾದಳು.

ನಾರದನ ವಾಕ್ಯದಲ್ಲಿ ‘ಅಭಾವ’ವೆಂಬ ಶಬ್ದವು ವಿಚಾರಾರ್ಹವಾದುದು. ತಾರ್ಕಿಕರ ಮತದಲ್ಲಿ ಅಭಾವವು ನಾಶವೊಂದೇ ಅಲ್ಲ. ಪ್ರಾಗಭಾವ, ಪ್ರಧ್ವಂಸಾಭಾವ, ಅತ್ಯಂತಾಭಾವ, ಅನ್ಯೋನ್ಯಾಭಾವ ಎಂದು ಅದು ನಾಲ್ಕು ಬಗೆಯಾಗಿದೆ; ನೆಲದ ಮೇಲೆ ಗಡಿಗೆಯಿಲ್ಲವೆಂದಾಗ ಗಡಿಗೆಯು ಒಡೆದುಹೋಯಿತೆಂದು ಯಾರೂ ತಿಳಿಯರು. ಆದುದರಿಂದ ‘ತಂದೆಯ ಅಭಾವದಲ್ಲಿ’ ಎಂಬುದಕ್ಕೆ ‘ತಂದೆಯು ಸತ್ತ ಮೇಲೆ’ ಎಂಬ ಅರ್ಥವನ್ನೇ ಕಟ್ಟುವುದಕ್ಕೆ ಶಬ್ದದಲ್ಲಿ ಬಲವಿಲ್ಲ. ದೇಶಾಂತರಗತನೂ ವಿರಕ್ತನೂ ಉದಾಸೀನನೂ ಆದ ತಂದೆಯು ಬದುಕಿದ್ದರೂ ಮಗುವಿನ ಪಾಲಿಗೆ ಅಭಾವವೇ. ಈ ಶಬ್ದಾರ್ಥದ ಮಹತ್ತ್ವವು ಮುಂದೆ 1999ರಲ್ಲಿ ಬೇರೊಂದು ಭಾಷೆಯ ಶಾಸನದ ಮೂಲಕ ಪ್ರಕಟವಾಗಬೇಕಾಗಿದ್ದಿತು.

5. ಇಂಗ್ಲಿಷ್ ನ್ಯಾಯದ ಪ್ರವೇಶ

ಇಂಗ್ಲೆಂಡಿನ ಪ್ರಾಚೀನ ನ್ಯಾಯದಲ್ಲಿ ತಂದೆಯ ಹಕ್ಕು ಸ್ಮೃತಿಗಳಿಗಿಂತ ಕಠೋರವಾಗಿದ್ದಿತು. 1804ರ ಡಿ ಮ್ಯಾನ್ವಿಲ್ ಮೊಕದ್ದಮೆಯಲ್ಲಿ ಮೊಲೆಯುಣ್ಣುತ್ತಿದ್ದ ಎಂಟು ತಿಂಗಳ ಶಿಶುವನ್ನು ತಂದೆಯು ಒಯ್ದಾಗ ನ್ಯಾಯಾಲಯವು ಅದನ್ನು ತಾಯಿಗೆ ಮರಳಿ ಕೊಡಿಸಲಿಲ್ಲ. 1836ರಲ್ಲಿ ತನ್ನ ಮೂವರು ಗಂಡುಮಕ್ಕಳಿಂದ ಅಗಲಿಸಲ್ಪಟ್ಟ ಕ್ಯಾರೊಲಿನ್ ನಾರ್ಟನ್ ಎಂಬ ಲೇಖಕಿಯು ಈ ಅನ್ಯಾಯದ ವಿರುದ್ಧ ಬರೆದ ಲೇಖನಗಳ ಪರಿಣಾಮವಾಗಿ 1839ರಲ್ಲಿ ಶಾಸನವಾಗಿ, ಏಳು ವರ್ಷಕ್ಕೆ ಕಡಮೆಯಾದ ಮಕ್ಕಳಿಗಾಗಿ ತಾಯಿಯು ನ್ಯಾಯಾಲಯವನ್ನು ಬೇಡಬಹುದಾಯಿತು. ಶಿಶುವಿನ ಹಿತವೇ ಪರಮವೆಂದು ಅಲ್ಲಿ ಶಾಸನವಾದುದು 1925ರಲ್ಲಿ.

ಭಾರತದ ನ್ಯಾಯಾಲಯಗಳಿಗೆ ಆ ಕಾಲಕ್ಕೆ ಮತ್ತೊಂದು ಪದ್ಧತಿಯೂ ಪರಿಚಿತವಾಗಿದ್ದಿತು. ಹನಫೀ ಮುಸಲ್ಮಾನರ ಶಾಸ್ತ್ರದಲ್ಲಿ ‘ಹಿಜಾನತ್’ ಎಂಬ ಪಾಲನಾಧಿಕಾರವು ಗಂಡುಮಗುವಿಗೆ ಏಳು ವರ್ಷವಾಗುವವರೆಗೂ ಹೆಣ್ಣುಮಗು ಪ್ರಾಯಕ್ಕೆ ಬರುವವರೆಗೂ ತಾಯಿಗೆ ಸೇರಿದ್ದು. ಸ್ವತ್ತಿನ ರಕ್ಷಣೆಯೂ ವೆಚ್ಚದ ಭಾರವೂ ತಂದೆಯವು. ಮಗುವನ್ನು ಬಳಿಯಲ್ಲಿಟ್ಟು ಸಾಕುವುದು ಬೇರೆ, ಅದರ ರಕ್ಷಕನಾಗಿರುವುದು ಬೇರೆ, ವೆಚ್ಚವನ್ನು ಹೊರುವುದು ಬೇರೆ ಎಂಬ ವಿವೇಕವು ಅಲ್ಲಿ ಸ್ಪಷ್ಟವಾಗಿದ್ದಿತು.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟು ಈ ಧಾರೆಗಳ ನಡುವೆ ಹುಟ್ಟಿತು. ಅದರ 17ನೆಯ ಸೆಕ್ಷನ್ನು ಬಾಲನ ಹಿತವನ್ನೂ, ತಿಳಿವಳಿಕೆ ಬಂದಿದ್ದಲ್ಲಿ ಅವನ ಇಚ್ಛೆಯನ್ನೂ ನ್ಯಾಯಾಧೀಶರು ಗಮನಿಸಬಹುದೆಂದಿತು; 19ನೆಯ ಸೆಕ್ಷನ್ನು ಅಯೋಗ್ಯನಲ್ಲದ ತಂದೆಯು ಬದುಕಿರುವಾಗ ಬೇರೊಬ್ಬರನ್ನು ರಕ್ಷಕರನ್ನಾಗಿ ನೇಮಿಸಲಾಗದೆಂದಿತು. ಮಗುವಿನ ಹಿತವನ್ನು ಒಂದು ಕೈಯಿಂದ ಕೊಟ್ಟು ಮತ್ತೊಂದು ಕೈಯಿಂದ ತಂದೆಯ ಹಕ್ಕಿಗೆ ಅಧೀನಮಾಡಿದಂತಾಯಿತು.

6. 1914ರ ತೀರ್ಪು

ಈ ವಿರೋಧವು ಆನಿ ಬೆಸೆಂಟರವರ ಮೊಕದ್ದಮೆಯಲ್ಲಿ ಬಯಲಾಯಿತು. ಜಿ. ನಾರಾಯಣಯ್ಯನವರು 1910ರಲ್ಲಿ ತಮ್ಮ ಮಕ್ಕಳಾದ ಕೃಷ್ಣಮೂರ್ತಿ, ನಿತ್ಯಾನಂದ ಎಂಬವರ ರಕ್ಷಣೆಯನ್ನು ಪತ್ರಮುಖೇನ ಬೆಸೆಂಟರವರಿಗೆ ಒಪ್ಪಿಸಿದರು. ಮನಸ್ಸು ಬದಲಾದ ಮೇಲೆ 1912ರಲ್ಲಿ ಮಕ್ಕಳನ್ನು ಮರಳಿ ಪಡೆಯಲು ದಾವೆ ಹೂಡಿದರು. ಬಾಲಕರು ಆಗ ಇಂಗ್ಲೆಂಡಿನಲ್ಲಿದ್ದರು. 1913ರಲ್ಲಿ ಮದರಾಸಿನ ಹೈಕೋರ್ಟು ತಂದೆಯ ಪರವಾಗಿ ತೀರ್ಪಿತ್ತಿತು. 1914ರಲ್ಲಿ ಪ್ರಿವಿ ಕೌನ್ಸಿಲು ಅದನ್ನು ರದ್ದುಮಾಡಿತು.

ಆ ತೀರ್ಪಿನಲ್ಲಿ ಎರಡು ಅಂಶಗಳಿವೆ. ತಂದೆಯ ರಕ್ಷಕತ್ವವು ಪವಿತ್ರವಾದ ನ್ಯಾಸದ ಸ್ವರೂಪದ್ದು. ತಾನು ಬದುಕಿರುವಾಗ ಅದನ್ನು ಪರರಿಗೆ ಶಾಶ್ವತವಾಗಿ ಒಪ್ಪಿಸಿ ಕೈತೊಳೆದುಕೊಳ್ಳಲು ಅವನಿಗೆ ಶಕ್ಯವಿಲ್ಲ, ಒಪ್ಪಿಸಿದ್ದನ್ನು ಮರಳಿ ಪಡೆಯಬಹುದು ಎಂಬುದು ಮೊದಲನೆಯದು. ಬಾಲಕರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಇಂಗ್ಲೆಂಡಿನಿಂದ ತರುವಂತೆ ಆಜ್ಞಾಪಿಸುವುದು ಮದರಾಸಿನ ನ್ಯಾಯಾಲಯಕ್ಕೆ ಯುಕ್ತವಾಗಿರಲಿಲ್ಲವೆಂಬುದು ಎರಡನೆಯದು. ತತ್ತ್ವದಲ್ಲಿ ತಂದೆಗೆ ಜಯವಾಯಿತು, ಫಲದಲ್ಲಿ ಸೋಲಾಯಿತು. ಆದರೆ ಸ್ವತ್ತೆಂಬ ಭಾವನೆಯ ಸ್ಥಾನದಲ್ಲಿ ನ್ಯಾಸವೆಂಬ ಭಾವನೆಯು ಉಚ್ಚ ನ್ಯಾಯಪೀಠದಿಂದ ಘೋಷಿತವಾಯಿತು. ವಿಶ್ವಜಿದಧಿಕರಣವನ್ನು ಬಲ್ಲವರಿಗೆ ಇದು ಹೊಸ ಮಾತಾಗಿ ತೋರದು: ಪ್ರಭುತ್ವವಿಲ್ಲದ್ದನ್ನು ಕೊಡಲು ಬಾರದು.

7. ಸ್ವತಂತ್ರ ಭಾರತದ ಶಾಸನಗಳು

1955ರ ಹಿಂದೂ ವಿವಾಹ ಶಾಸನದ 26ನೆಯ ಸೆಕ್ಷನ್ನು ವಿವಾಹ ವ್ಯವಹಾರದ ನಡುವೆಯೂ ಅನಂತರವೂ ಮಕ್ಕಳ ವಶ, ಭರಣ, ವಿದ್ಯಾಭ್ಯಾಸಗಳನ್ನು ಕುರಿತು, ಸಾಧ್ಯವಾದಷ್ಟು ಅವರ ಇಚ್ಛೆಗೆ ಅನುಗುಣವಾಗಿ, ಆಜ್ಞೆಮಾಡಲು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿತು. 1956ರ ಅಪ್ರಾಪ್ತವಯಸ್ಕತೆ ಮತ್ತು ರಕ್ಷಕತ್ವದ ಶಾಸನವು ತಂದೆಯನ್ನೂ ಅವನ ‘ತರುವಾಯ’ ತಾಯಿಯನ್ನೂ ಸ್ವಾಭಾವಿಕ ರಕ್ಷಕರೆಂದಿತು. ಐದು ವರ್ಷ ತುಂಬದ ಮಗುವು ಸಾಮಾನ್ಯವಾಗಿ ತಾಯಿಯ ವಶದಲ್ಲಿರತಕ್ಕದ್ದೆಂದಿತು. 13ನೆಯ ಸೆಕ್ಷನ್ನಿನಲ್ಲಿ ಮಗುವಿನ ಹಿತವೇ ಪರಮವೆಂದಿತು. ಮಕ್ಕಳು ತಂದೆತಾಯಿಗಳ ಸರಕೂ ಅಲ್ಲ, ಆಟದ ವಸ್ತುವೂ ಅಲ್ಲವೆಂಬ ಅಭಿಪ್ರಾಯವನ್ನು ಸರ್ವೋಚ್ಚ ನ್ಯಾಯಾಲಯವು 1973ರಲ್ಲಿ ವ್ಯಕ್ತಪಡಿಸಿತು.

‘ತರುವಾಯ’ವೆಂಬ ಶಬ್ದವು ಮಾತ್ರ ತೊಡಕಾಗಿ ಉಳಿಯಿತು. 1984ರಲ್ಲಿ ಲೇಖಕಿ ಗೀತಾ ಹರಿಹರನ್‌ರವರು ತಮ್ಮ ಮಗನ ಹೆಸರಿನಲ್ಲಿ ರಿಜರ್ವ್ ಬ್ಯಾಂಕಿನ ಬಾಂಡುಗಳನ್ನು ಕೊಳ್ಳಲು, ಪತಿಯ ಸಮ್ಮತಿಯೊಡನೆ, ತಾವೇ ರಕ್ಷಕರೆಂದು ಅರ್ಜಿ ಸಲ್ಲಿಸಿದಾಗ ತಂದೆಯ ಸಹಿಯು ಬೇಕೆಂದು ಬ್ಯಾಂಕು ಹೇಳಿತು. 1999ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಬ್ದಕ್ಕೆ ‘ಮರಣಾನಂತರ’ವೆಂದು ಅರ್ಥವಲ್ಲ, ‘ಅಭಾವದಲ್ಲಿ’ ಎಂದು ಅರ್ಥವೆಂದು ನಿರ್ಣಯಿಸಿತು. ತಂದೆಯ ಔದಾಸೀನ್ಯ, ದೂರವಾಸ, ಅಶಕ್ತಿ, ಪರಸ್ಪರ ಒಡಂಬಡಿಕೆ ಇವೆಲ್ಲವೂ ಅಭಾವವೇ ಎಂದಿತು. ನ್ಯಾಯಾಧೀಶರು ಈ ಅರ್ಥವನ್ನು ಸಮಾನತೆಯನ್ನು ವಿಧಿಸುವ ಸಂವಿಧಾನದ ಬಲದಿಂದ ಪಡೆದರೇ ಹೊರತು ನಾರದನಿಂದಲ್ಲ. ಆದರೂ ನಾರದನ ಶಬ್ದವೇ ಸುತ್ತು ಬಳಸಿ ಶಾಸನದ ಅರ್ಥವಾಯಿತೆಂಬುದು ಶಾಸ್ತ್ರಾಭ್ಯಾಸಿಗಳು ಗಮನಿಸತಕ್ಕ ಅಂಶ. 2010ರಲ್ಲಿ 1890ರ ಶಾಸನದ 19ನೆಯ ಸೆಕ್ಷನ್ನಿನಲ್ಲಿ ತಂದೆಯ ಜೊತೆಗೆ ತಾಯಿಯ ಹೆಸರೂ ಸೇರಿತು.

ಭರಣದ ಇತಿಹಾಸವೂ ಇಂತಹುದೇ. 1898ರ ದಂಡಪ್ರಕ್ರಿಯಾ ಶಾಸನದ 488ನೆಯ ಸೆಕ್ಷನ್ನು, ಶಕ್ತಿಯಿದ್ದೂ ಮಕ್ಕಳನ್ನು ಭರಿಸದವನು, ಮಕ್ಕಳು ಔರಸರಾಗಲಿ ಅಲ್ಲದಿರಲಿ, ಮಾಸಾಶನ ಕೊಡತಕ್ಕದ್ದೆಂದಿತು. ಶಕ್ತಿಯಿದ್ದೂ ಎಂಬ ವಿಶೇಷಣವು ಕೌಟಿಲ್ಯನಲ್ಲಿಯೂ ಇದ್ದಿತು. ಮಾಸಾಶನದ ಪರಮಾವಧಿಯು ಮೊದಲು 50 ರೂಪಾಯಿ; 1955ರ ವೇಳೆಗೆ 500 ಆಯಿತು; 2001ರಲ್ಲಿ ಮಿತಿಯೇ ತೆಗೆಯಲ್ಪಟ್ಟಿತು. 1973ರಲ್ಲಿ 125ನೆಯ ಸೆಕ್ಷನ್ನಾಗಿದ್ದ ಈ ವಿಧಿಯು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಸೆಕ್ಷನ್ನಾಗಿದೆ. 1956ರ ದತ್ತಕ ಮತ್ತು ಜೀವನಾಂಶ ಶಾಸನವಂತೂ ಈ ಭಾರವನ್ನು ತಂದೆತಾಯಿಗಳಿಬ್ಬರ ಮೇಲೂ ಹೊರಿಸಿದೆ. ವ್ಯಾಜ್ಯಗಾರರಿಬ್ಬರೂ ತಮ್ಮ ಆಸ್ತಿ ಆದಾಯಗಳನ್ನು ಪ್ರಮಾಣಪತ್ರದಲ್ಲಿ ತಿಳಿಸತಕ್ಕದ್ದೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಯಮಿಸಿತು.

ದೂರವಾದ ತಂದೆ ಅಥವಾ ತಾಯಿಯು ಮಗುವನ್ನು ಕಾಣುವ ಕಾಲದ ವಿಷಯದಲ್ಲಿ ಮಾತ್ರ ಪ್ರಾಚೀನ ಗ್ರಂಥಗಳಿಂದ ನೆರವು ದೊರೆಯದು. ದಂಪತಿಗಳ ತ್ಯಾಗವನ್ನು ದಂಡಾರ್ಹವೆಂದು ಭಾವಿಸಿದ ಸ್ಮೃತಿಕಾರರು ತ್ಯಾಗಾನಂತರದ ವ್ಯವಸ್ಥೆಯನ್ನು ಚಿಂತಿಸಲಿಲ್ಲ. 2015ರಲ್ಲಿ ಭಾರತದ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ, ಮಗುವಿನ ಹಿತಕ್ಕೆ ಅನುಗುಣವಾದಲ್ಲಿ, ಇಬ್ಬರಿಗೂ ಕೂಡು ಪಾಲನೆಯನ್ನು ಕೊಡಬಹುದೆಂದು ಶಿಫಾರಸು ಮಾಡಿತು. ಮನುವು ಬೀಜಕ್ಷೇತ್ರಗಳ ವಿಷಯದಲ್ಲಿ ಹೇಳಿದ ಒಡಂಬಡಿಕೆಯ ಪಕ್ಷವು ಇಬ್ಬರನ್ನೂ ಭಾಗಿಗಳೆಂದು ಎಣಿಸಿದುದನ್ನು ಇಲ್ಲಿ ಸ್ಮರಿಸಬಹುದು. ಭೇದವಿಷ್ಟೆ: ಮನುವಿನಲ್ಲಿ ಭಾಗವು ಫಲದಲ್ಲಿ, ವರದಿಯಲ್ಲಿ ಭಾಗವು ಹೊಣೆಯಲ್ಲಿ.

ಇಷ್ಟರಿಂದ ತೇಲುವ ನಿರ್ಣಯವಿದು. ಸ್ಮೃತಿಗಳಲ್ಲಿ ತಂದೆಗೆ ಪ್ರಾಧಾನ್ಯವುಂಟು, ಆದರೆ ಆ ಪ್ರಾಧಾನ್ಯವು ಭರಣದ ಹೊಣೆಯಿಂದ ಬೇರೆಯಾದುದಲ್ಲ. ಹೊಣೆಯನ್ನು ಬಿಟ್ಟವನು ದಂಡಾರ್ಹನು. ಹೊಣೆಯಿಂದ ಹಕ್ಕನ್ನು ಬೇರ್ಪಡಿಸಿ ಹಕ್ಕನ್ನೇ ಮುಂದುಮಾಡಿದ ಕಾಲದಲ್ಲಿ ತಾಯಿಗೂ ಮಗುವಿಗೂ ಅನ್ಯಾಯವಾಯಿತು. ಸ್ಮೃತಿವಚನವೊಂದನ್ನು ಎತ್ತಿಕೊಂಡು ಮಗುವು ತಂದೆಯದೇ ಎಂದು ವಾದಿಸುವವರು ಅದೇ ಸ್ಮೃತಿಯ ದಂಡವಿಧಿಯನ್ನೂ ಓದತಕ್ಕದ್ದು. 1956ರ ಶಾಸನದಲ್ಲಿ ‘ತರುವಾಯ’ವೆಂಬ ಶಬ್ದವು ಈಗಲೂ ತಿದ್ದದೆ ಉಳಿದಿರುವುದರಿಂದ, ಅದರ ಅರ್ಥವನ್ನು ಪ್ರತಿ ವ್ಯಾಜ್ಯದಲ್ಲಿಯೂ ಮಗುವಿನ ಕಡೆಯಿಂದ ನೋಡಿ ನಿರ್ಣಯಿಸುವ ಭಾರವು ನ್ಯಾಯಾಧೀಶರ ಮೇಲಿರುವುದು.